ಹೊಳೆಯ ದಂಡೆ ಯಾರ ಸ್ವತ್ತು?

ಪರದೇಶದಲ್ಲಿ ಬಹುಕಾಲ ನೆಲಸಿದ್ದ ನನ್ನ ಬಾಲ್ಯಸ್ನೇಹಿತರೊಬ್ಬರು ಕಳೆದ ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಹೊಳೆಸಾಲಿನ ಒಂದು ಊರಿಗೆ ಬಂದಿದ್ದರು. ಊಟವಾಗಿ, ಬಿಸಿಲು ಇಳಿಯುತ್ತಿದ್ದಂತೆ, "ಹೊಳೆಯ ಕಡೆ ಹೋಗಿ ಬರೋಣ, ನಡಿಯಯ್ಯ" ಎಂದರು. ಹೊರಟೆವು. ಸೇತುವೆಯ ಮೇಲೆ ನಿಂತರೆ ಹೊಳೆ ಕಾಣುತ್ತಿತ್ತು. ಹೊಳೆಗೆ ಇಳಿಯುವ ದಾರಿ ಮಾತ್ರ ಕಾಣಲಿಲ್ಲ. ಒಂದು ಪಕ್ಕದಲ್ಲಿ ಊರಿನ ಕಸವೆಲ್ಲ ಬಂದು ಬಿದ್ದ ಗುಡ್ಡೆ. ಇನ್ನೊಂದು ಪಕ್ಕದಲ್ಲಿ ನೀರಿನ ಅಂಚಿನವರೆಗೂ ಎಳೆದ ಮುಳ್ಳುತಂತಿಯ ಬೇಲಿ. ನಡುವೆ ಒಂದು ಓಣಿ ಇತ್ತು, ಅದರಲ್ಲಿ ಚರಂಡಿಯ ನೀರು ನಮಗಿಂತ ಮೊದಲೇ ಹೊಳೆಗೆ ಹೊರಟಿತ್ತು. "ಏನಯ್ಯಾ, ನಾವು ಈಜು ಕಲಿತ ಮಡು ಎಲ್ಲಿ?" ಎಂದು ಗೆಳೆಯರು ಕೇಳಿದರು. ನಾನು ಕೈಯೆತ್ತಿ ತೋರಿಸಿದೆ. ತೋರಿಸುವುದಕ್ಕೆ ಮಾತ್ರ ಅದು ಉಳಿದಿತ್ತು, ಹೋಗುವುದಕ್ಕೆ ಉಳಿದಿರಲಿಲ್ಲ.

ಆ ಸಂಜೆಯ ನಾಚಿಕೆಯೇ ಈ ಲೇಖನಕ್ಕೆ ಕಾರಣವೆಂದು ವಾಚಕಮಹಾಶಯರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮದು ನೀರಿಗೆ ಬಡತನವಿಲ್ಲದ ಜಿಲ್ಲೆ. ಹೇಮಾವತಿಯು ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾಯ್ದು, ಗೊರೂರಿನ ಬಳಿ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ನರಸಿಂಹಸ್ವಾಮಿಯ ಊರನ್ನು ಮುಟ್ಟಿ, ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತಾಳೆ. ಅರಕಲಗೂಡು ತಾಲ್ಲೂಕಿಗಂತೂ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ, ಹೀಗೆ ಎರಡು ತಾಯಂದಿರು. ಚನ್ನರಾಯಪಟ್ಟಣಕ್ಕೆ ಹೇಳಿಕೊಳ್ಳುವ ಹೊಳೆಯಿಲ್ಲ. ಆದರೆ ಹೊಳೆಯೇ ನಾಲೆಯಾಗಿ ಅಲ್ಲಿಗೆ ನಡೆದುಹೋಗಿದೆ, ಬಾಗೂರು-ನವಿಲೆಯ ಸುರಂಗವನ್ನು ಹೊಕ್ಕು ತುಮಕೂರಿನ ಸೀಮೆಗೂ ಹೋಗುತ್ತಿದೆ. ಇಷ್ಟಿದ್ದೂ ಹಾಸನ ನಗರದ ಒಬ್ಬ ಗೃಹಸ್ಥನು ತನ್ನ ಹೆಂಡತಿಮಕ್ಕಳೊಡನೆ ಒಂದು ಭಾನುವಾರ ಹರಿಯುವ ನೀರಿನ ಪಕ್ಕದಲ್ಲಿ ಎರಡು ಮೈಲಿ ನಿರ್ಭಯವಾಗಿ ನಡೆದು ಬರಬೇಕೆಂದರೆ ಅದಕ್ಕೆ ಸ್ಥಳವಿಲ್ಲ. ಆತನು ಮಹಾರಾಜಾ ಪಾರ್ಕಿನಲ್ಲಿ ಗಾಣದ ಎತ್ತಿನಂತೆ ಸುತ್ತು ಹಾಕಿ ಮನೆಗೆ ಹೋಗುತ್ತಾನೆ. ಪಾರ್ಕನ್ನು ನಾನು ಹಳಿಯುತ್ತಿಲ್ಲ. ಅದೊಂದು ಇರುವುದೇ ನಮ್ಮ ಪುಣ್ಯ.

ನನ್ನ ಬೇಡಿಕೆ ದೊಡ್ಡದಲ್ಲ. ಗೊರೂರಿನ ಅಣೆಕಟ್ಟಿನ ಕೆಳಗಿನಿಂದ ಹೊಳೆನರಸೀಪುರದವರೆಗೆ ಹೇಮಾವತಿಯ ಒಂದು ದಂಡೆಯಲ್ಲಿ, ಕೊಣನೂರಿನಿಂದ ರಾಮನಾಥಪುರವನ್ನು ಹಾಯ್ದು ರುದ್ರಪಟ್ಟಣದವರೆಗೆ ಕಾವೇರಿಯ ದಂಡೆಯಲ್ಲಿ, ಚನ್ನರಾಯಪಟ್ಟಣದ ಕಡೆ ನಾಲೆಯ ಏರಿಯ ಮೇಲೆ, ಮನುಷ್ಯರು ಕಾಲಿನಿಂದ ನಡೆಯತಕ್ಕ ಒಂದು ಮಣ್ಣಿನ ಹಾದಿ ಇರಬೇಕು. ಅದರ ಎರಡು ಮಗ್ಗುಲಲ್ಲಿಯೂ ಹೊಳೆಯಂಚಿಗೆ ಸಲ್ಲುವ ಮರಗಳು ಇರಬೇಕು. ಅದರ ಮೇಲೆ ಗಾಡಿ, ಮೋಟಾರು, ಅಂಗಡಿ ಇರಕೂಡದು. ಇತರ ದೇಶಗಳಲ್ಲಿ ಇಂಥದಕ್ಕೆ ಒಂದು ಹೆಸರಿಟ್ಟು ಅರ್ಧ ಶತಮಾನಕ್ಕೂ ಮೇಲಾಯಿತು. ನಾವು ಹಸಿರುದಾರಿ ಎನ್ನೋಣ. ಹೆಸರು ಹೊಸದು, ವಸ್ತು ಹಳೆಯದು. ನಮ್ಮ ಅಜ್ಜಂದಿರು ಹೊಳೆಗೆ ಸ್ನಾನಕ್ಕೆ, ಸಂಧ್ಯೆಗೆ, ದನಕ್ಕೆ ನೀರು ಕುಡಿಸುವುದಕ್ಕೆ, ಮಡಿಬಟ್ಟೆಗೆ, ಮೀನಿಗೆ, ಕಡೆಗೆ ಅಪರಕ್ರಿಯೆಗೆ ಹೋಗುತ್ತಿದ್ದ ಹಾದಿಯೇ ಅದು. ಅದನ್ನು ಯಾರೂ ಕಟ್ಟಿರಲಿಲ್ಲ, ಕಾಲುಗಳು ಮಾಡಿದ್ದವು.

ಇದಕ್ಕೆ ಮೂರು ಕಡೆಯಿಂದ ಆಕ್ಷೇಪಣೆ ಬರುವುದನ್ನು ಕೇಳಿದ್ದೇನೆ. ಮೊದಲನೆಯದು ಆಕ್ಷೇಪಣೆಯ ವೇಷದಲ್ಲಿ ಬರುವುದಿಲ್ಲ, ಸ್ನೇಹದ ವೇಷದಲ್ಲಿ ಬರುತ್ತದೆ. ಆದುದರಿಂದಲೇ ಅದು ಹೆಚ್ಚು ಅಪಾಯಕರ. "ಬಹಳ ಸರಿ, ಸ್ವಾಮಿ. ಮಣ್ಣಿನ ಹಾದಿ ಏಕೆ? ಒಳ್ಳೆಯ ಕಾಂಕ್ರೀಟು ಗೋಡೆ ಕಟ್ಟಿಸಿ, ಮೇಲೆ ಬಣ್ಣದ ಕಲ್ಲು ಹಾಸಿ, ದೀಪದ ಕಂಬ ನೆಡಿಸಿ, ಬೃಂದಾವನದ ಹಾಗೆ ಮಾಡಿಬಿಡೋಣ" ಎನ್ನುವವರು ಇವರು. ಬೃಂದಾವನವು ಉದ್ಯಾನ, ೧೯೩೨ರ ವೇಳೆಗೆ ಸಿದ್ಧವಾದ ಅದರ ಅಂದವನ್ನು ನಾನು ಅಲ್ಲಗಳೆಯಲಾರೆ. ಆದರೆ ಉದ್ಯಾನವು ಮನುಷ್ಯನು ಮಾಡಿದ್ದು, ಹೊಳೆಯು ಹಾಗಲ್ಲ ಎಂಬಷ್ಟು ವಿವೇಕ ನಮಗೆ ಇರಬೇಡವೆ?

ಈ ಮಹನೀಯರು ಮಾದರಿಯಾಗಿ ತೋರಿಸುವುದು ಅಹಮದಾಬಾದಿನ ಸಾಬರಮತಿಯನ್ನು. ಅಲ್ಲಿ ೨೦೦೫ರಲ್ಲಿ ಕೆಲಸ ಪ್ರಾರಂಭವಾಗಿ, ೨೦೧೨ರಲ್ಲಿ ನಡೆದಾಡುವ ಕಟ್ಟೆಯನ್ನು ಜನರಿಗೆ ತೆರೆದರು. ನೋಡುವುದಕ್ಕೆ ವಿಶಾಲವಾಗಿದೆ, ಚೊಕ್ಕಟವಾಗಿದೆ. ಸಂಜೆಯಲ್ಲಿ ಸಾವಿರಾರು ಮಂದಿ ಗಾಳಿಗೆ ಬರುತ್ತಾರೆ. ಇದೆಲ್ಲ ನಿಜ. ಆದರೆ ಹಾಗಾಗುವುದಕ್ಕೆ, ಅಲ್ಲಲ್ಲಿ ಹಿಗ್ಗಿ ಅಲ್ಲಲ್ಲಿ ಕುಗ್ಗಿ ಹರಿಯುತ್ತಿದ್ದ ಹೊಳೆಯನ್ನು ಎರಡು ಗೋಡೆಗಳ ನಡುವೆ ೨೬೩ ಮೀಟರಿನ ಒಂದೇ ಅಗಲಕ್ಕೆ ಕತ್ತರಿಸಬೇಕಾಯಿತು. ಪಾತ್ರದಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಬೇಕಾಯಿತು. ನಿಂತಿರುವ ನೀರೂ ನರ್ಮದೆಯ ನಾಲೆಯಿಂದ ತಂದದ್ದು. ಹೊಳೆಯನ್ನು ಕೊಳವನ್ನಾಗಿ ಮಾಡಿ ಅದರ ಪಕ್ಕದಲ್ಲಿ ನಡೆಯುವುದು ಅಲ್ಲಿನ ನಗರಕ್ಕೆ ಅನಿವಾರ್ಯವಾಗಿತ್ತೋ ಏನೋ, ಅದು ಅವರ ವಿಚಾರ. ಜೀವಂತವಾಗಿ ಹರಿಯುತ್ತಿರುವ ಹೊಳೆಯನ್ನು ಪಕ್ಕದಲ್ಲಿಟ್ಟುಕೊಂಡು ನಾವು ಅದನ್ನು ಅನುಕರಿಸುವುದು, ನಡೆಯಬಲ್ಲವನು ಊರುಗೋಲು ಕೊಳ್ಳುವುದಕ್ಕೆ ಸಾಲ ಮಾಡಿದಂತೆ.

ಹೊಳೆಯ ದಂಡೆ ಎಂಬುದು ಏನು ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಹಳೆಯ ದಂಡೆಯಲ್ಲಿ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ, ನೀರಂಜಿ ಬೆಳೆದಿರುತ್ತವೆ. ಕೆಳಗೆ ಲಕ್ಕಿಯ ಗಿಡ, ಬಿದಿರಿನ ಮೆಳೆ. ಇವುಗಳ ಬೇರು ಮಣ್ಣನ್ನು ಹೆಣೆದು ಹಿಡಿಯುತ್ತದೆ. ಪ್ರವಾಹ ಬಂದಾಗ ನೀರು ಈ ಮರಗಳ ನಡುವೆ ಹರಡಿ, ವೇಗವನ್ನು ಕಳೆದುಕೊಂಡು, ಹೊತ್ತು ತಂದ ಗೋಡನ್ನು ಅಲ್ಲಿ ಇಳಿಸಿ ಹೋಗುತ್ತದೆ. ಹೊಲದಿಂದ ಹರಿದು ಬರುವ ಗೊಬ್ಬರದ ಉಪ್ಪು, ಔಷಧದ ವಿಷ ಇವುಗಳಲ್ಲಿ ಒಂದಷ್ಟು ಭಾಗ ಈ ಪಟ್ಟಿಯ ಬೇರು ಮತ್ತು ತರಗಿನಲ್ಲಿಯೇ ತಡೆದು ನಿಲ್ಲುತ್ತದೆ. ಅಂಚಿನ ನೆರಳಿನಲ್ಲಿ ನೀರು ತಣ್ಣಗಿದ್ದು ಮೀನಿಗೆ ಮೊಟ್ಟೆಯಿಡಲು ಸ್ಥಳವಾಗುತ್ತದೆ; ಹಣ್ಣು ಉದುರಿದರೆ ಅದು ಮೀನಿನ ಆಹಾರ. ಗೋಡೆ ಕಟ್ಟಿದರೆ ಇದಾವುದೂ ಇಲ್ಲ. ನೀರು ಗೋಡೆಯ ಉದ್ದಕ್ಕೂ ಇನ್ನಷ್ಟು ವೇಗವಾಗಿ ಓಡಿ, ಗೋಡೆ ಎಲ್ಲಿ ಮುಗಿಯುವುದೋ ಅಲ್ಲಿಯ ಬಡವನ ಗದ್ದೆಯನ್ನು ಕೊರೆಯುತ್ತದೆ. ಪೇಟೆಯ ಮುಂದೆ ಗೋಡೆ. ಹಳ್ಳಿಯ ಮುಂದೆ ಕೊರಕಲು. ಇದು ನ್ಯಾಯವೆ?

ಹೇಮಾವತಿಯ ವಿಷಯದಲ್ಲಿ ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು, ೩೭ ಟಿ.ಎಂ.ಸಿ.ಗೂ ಮೇಲ್ಪಟ್ಟು ನೀರನ್ನು ಅದು ಹಿಡಿದಿಡುತ್ತದೆ. ೨೯೨೨ ಅಡಿ ಅದರ ತುಂಬುಮಟ್ಟ. ನೀರಿನೊಡನೆ ಮರಳನ್ನೂ ಗೋಡನ್ನೂ ಅದು ಹಿಡಿಯುತ್ತದೆ. ಅಣೆಯ ಕೆಳಗೆ ಬಿಡುವ ನೀರು ಹೀಗೆ ತಿಳಿಯಾಗಿ, ಏನನ್ನೂ ಹೊರದೆ, ಹಸಿದು ಬರುತ್ತದೆ. ಹಸಿದ ನೀರು ದಂಡೆಯನ್ನೇ ತಿನ್ನುತ್ತದೆ. ಇದರ ಮೇಲೆ ಉಳಿದಿದ್ದ ಮರಳನ್ನು ನಾವು ಲಾರಿಗಳಲ್ಲಿ ತುಂಬಿ ಸಾಗಿಸಿದೆವು. ಸಣ್ಣ ಪ್ರಮಾಣದ ಮರಳುಗಣಿಗೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಹೇಳಿತು. ಕಾಯಿದೆ ಹಗಲಿನಲ್ಲಿ ನಡೆಯುತ್ತದೆ, ಮರಳು ರಾತ್ರಿ ನಡೆಯುತ್ತದೆ. ಹೊಳೆಸಾಲಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಇಂಥ ಹೊಳೆಗೆ ಬೇಕಾದುದು ಬೇರು, ಗೋಡೆಯಲ್ಲ.

ಪ್ರವಾಹದ ಮಾತೂ ಹಾಗೆಯೇ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಲೆನಾಡಿನ ಮಳೆಗೆ ಎರಡು ಹೊಳೆಗಳೂ ಉಕ್ಕಿದಾಗ ರಾಮನಾಥಪುರದಲ್ಲಿ ಕಾವೇರಿಯು ಗುಡಿಯ ಅಂಗಳಕ್ಕೂ ದಂಡೆಯ ಮನೆಗಳಿಗೂ ಬಂದಳು. ಅದಕ್ಕೆ ಹಿಂದಿನ ವರ್ಷವೂ ಬಂದಿದ್ದಳು. ಆ ನೀರಿನಲ್ಲಿ ಲಕ್ಷಾಂತರ ರೂಪಾಯಿನ ಬಣ್ಣದ ಕಲ್ಲು, ಕಬ್ಬಿಣದ ಬೇಲಿ, ದೀಪದ ಕಂಬ ಇದ್ದಿದ್ದರೆ ಏನಾಗುತ್ತಿತ್ತು? ಕಂಟ್ರಾಕ್ಟರಿಗೆ ಮತ್ತೊಂದು ಟೆಂಡರು ಆಗುತ್ತಿತ್ತು. ಮಣ್ಣಿನ ಹಾದಿ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ಏಳುತ್ತದೆ. ಎರಡು ದಿನ ನಾಲ್ಕು ಆಳು ಗುದ್ದಲಿ ಹಿಡಿದರೆ ಸರಿಹೋಗುತ್ತದೆ. ಹೊಳೆಗೆ ತನ್ನ ಜಾಗಕ್ಕೆ ಆಗಾಗ ಬಂದುಹೋಗುವ ಹಕ್ಕುಂಟು. ಆ ಹಕ್ಕಿಗೆ ಅಡ್ಡಿಬಾರದಂಥ ಹಾದಿಯೇ ಹೊಳೆಯ ಹಾದಿ.

ಎರಡನೆಯ ಆಕ್ಷೇಪಣೆ ರೈತರದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಏಕೆಂದರೆ ಇದರಲ್ಲಿ ನೋವಿದೆ. "ಅಣೆಕಟ್ಟು ಎಂದು ಒಂದು ಸಲ ಭೂಮಿ ಕೊಟ್ಟೆವು, ನಾಲೆ ಎಂದು ಇನ್ನೊಂದು ಸಲ ಕೊಟ್ಟೆವು. ಈಗ ಪೇಟೆಯವರು ಗಾಳಿ ತೆಗೆದುಕೊಳ್ಳುವುದಕ್ಕೂ ಕೊಡಬೇಕೆ?" ಎಂದು ಒಬ್ಬ ವೃದ್ಧ ರೈತರು ನನ್ನನ್ನು ಕೇಳಿದರು. ಗೊರೂರಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳನ್ನು ಬಲ್ಲವರು ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಲಾರರು. ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಇಂದಿಗೂ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತಿದೆ. ಅದನ್ನು ನೋಡುವುದಕ್ಕೆ ಬೆಂಗಳೂರಿನಿಂದ ಬರುವವರು ಒಂದು ಹಾಳು ಗೋಡೆಯ ಸೊಬಗನ್ನು ನೋಡುತ್ತಾರೆ. ಆ ನೀರಿನ ಕೆಳಗೆ ಒಂದು ಊರಿನ ಒಲೆ, ಒರಳು, ಸಮಾಧಿ ಇತ್ತೆಂಬುದನ್ನು ನೋಡುವುದಿಲ್ಲ. ನೋಡಿ ಹೋಗುವಾಗ ಸೀಸೆಯ ಚೂರನ್ನೂ ಪ್ಲಾಸ್ಟಿಕ್ಕನ್ನೂ ಬಿಟ್ಟುಹೋಗುವವರೂ ಉಂಟು. ಆದುದರಿಂದ ರೈತರ ಅಂಜಿಕೆ ಸುಳ್ಳಲ್ಲ.

ಆದರೂ ಉತ್ತರವುಂಟು. ನಾನು ಕೇಳುವ ಹಾದಿಗೆ ಯಾವ ರೈತನ ಒಂದು ಗುಂಟೆಯನ್ನೂ ಬಲವಂತವಾಗಿ ತೆಗೆದುಕೊಳ್ಳಕೂಡದು. ಹೊಳೆ, ಹಳ್ಳ, ಕೆರೆ ಇವುಗಳ ಪಾತ್ರವೂ ಸಾರ್ವಜನಿಕ ದಾರಿಗಳೂ ಸರ್ಕಾರದ ಸ್ವತ್ತೆಂದು ೧೯೬೪ರ ಭೂಕಂದಾಯ ಕಾಯಿದೆಯ ೬೭ನೆಯ ಪ್ರಕರಣ ಹೇಳುತ್ತದೆ. ಸರ್ವೆಯ ದಾಖಲೆಯಲ್ಲಿ 'ಬ' ಖರಾಬು ಎಂದು ಬರೆದಿರುವ ಭೂಮಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು. ಗ್ರಾಮದ ನಕಾಶೆಯನ್ನು ಬಿಚ್ಚಿದರೆ ಬಂಡಿದಾರಿಗೂ ಕಾಲುದಾರಿಗೂ ಬೇರೆ ಬೇರೆ ಗೆರೆಗಳಿರುವುದು ಕಾಣುತ್ತದೆ. ಹೊಳೆಯಂಚಿನ ಸ್ಥಿತಿ ಊರಿಂದೂರಿಗೆ ಬೇರೆ. ಕೆಲವೆಡೆ ಖರಾಬಿನ ಪಟ್ಟಿ ಅಗಲವಾಗಿದೆ, ಕೆಲವೆಡೆ ಹಿಡುವಳಿಯೇ ನೀರಿನವರೆಗೂ ಬಂದಿದೆ. ಖರಾಬು ಇರುವಲ್ಲಿ ಹಾದಿ ಅದರ ಮೇಲೆ ಹೋಗಲಿ. ಇಲ್ಲದಲ್ಲಿ ಹಳೆಯ ಬಂಡಿದಾರಿಯನ್ನು ಹಿಡಿದು ಊರೊಳಗೆ ಹಾಯ್ದು ಮತ್ತೆ ಹೊಳೆಗೆ ಬರಲಿ. ಹಾದಿಯು ಅಲ್ಲಲ್ಲಿ ಹೊಳೆಯನ್ನು ಬಿಟ್ಟು ಹಳ್ಳಿಯ ಜಗಲಿಯ ಮುಂದೆ ಹಾಯುವುದರಿಂದ ನಷ್ಟವೇನು? ನನ್ನನ್ನು ಕೇಳಿದರೆ ಲಾಭವೇ. ಮಜ್ಜಿಗೆ ಕೇಳುವುದಕ್ಕಾದರೂ ಪೇಟೆಯವನು ಹಳ್ಳಿಯವನೊಡನೆ ಮಾತನಾಡಿಯಾನು.

ಇಂಗ್ಲೆಂಡಿನ ಥೇಮ್ಸ್ ನದಿಯ ದಂಡೆಯಲ್ಲಿ ಹುಟ್ಟಿನ ಸ್ಥಳದಿಂದ ಲಂಡನ್ನಿನವರೆಗೆ ೧೮೪ ಮೈಲಿ ಉದ್ದದ ಕಾಲುಹಾದಿಯನ್ನು ೧೯೯೬ರಲ್ಲಿ ತೆರೆದರು. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ಹಾದಿಯನ್ನೇ ಅದು ಬಹುಮಟ್ಟಿಗೆ ಅನುಸರಿಸುತ್ತದೆ. ಹಳ್ಳಿಗಾಡಿನಲ್ಲಿ ಅದು ದನ ಮೇಯುವ ಹುಲ್ಲುಗಾವಲುಗಳ ನಡುವೆ ಬರಿಯ ಹುಲ್ಲು ಮಣ್ಣಿನ ಮೇಲೆ ಹೋಗುತ್ತದೆ. ಒಡೆಯನು ಒಡೆಯನಾಗಿಯೇ ಇರುತ್ತಾನೆ, ನಡೆಯುವವನು ಬಾಗಿಲು ತೆರೆದು ಹೊಕ್ಕು ಬಾಗಿಲು ಮುಚ್ಚಿ ಹೋಗುತ್ತಾನೆ. ಆ ನಾಡಿನಲ್ಲಿ ನಡೆಯುವ ಹಕ್ಕು ಕಾಯಿದೆಯಲ್ಲಿದೆ, ಬಾಗಿಲು ಮುಚ್ಚುವ ಶೀಲ ಬಳಕೆಯಲ್ಲಿದೆ. ನಮ್ಮಲ್ಲಿ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಲಿಸದೆ ಇದ್ದರೆ ರೈತರು ದೊಣ್ಣೆ ಹಿಡಿದು ನಿಲ್ಲುವುದು ನ್ಯಾಯವೇ ಸರಿ.

ಇಲ್ಲಿ ಒಂದು ಕಹಿಮಾತನ್ನೂ ಆಡಿಬಿಡುತ್ತೇನೆ. ರೈತರ ಹೆಸರಿನಲ್ಲಿ ಗಟ್ಟಿಯಾಗಿ ಕೂಗುವವರಲ್ಲಿ ಎಲ್ಲರೂ ರೈತರಲ್ಲ. ಹೊಳೆಯ ಖರಾಬನ್ನು ಬೇಲಿಯೊಳಕ್ಕೆ ಸೇರಿಸಿಕೊಂಡು, ತೆಂಗಿನ ಸಸಿ ನೆಟ್ಟು, ಮಧ್ಯದಲ್ಲಿ ಒಂದು ಬಂಗಲೆ ಎಬ್ಬಿಸಿ, ವಾರಕ್ಕೊಮ್ಮೆ ಕಾರಿನಲ್ಲಿ ಬರುವ ಶ್ರೀಮಂತರೂ ಈ ಗುಂಪಿನಲ್ಲಿದ್ದಾರೆ. ಇವರಿಗೆ ಹಾದಿ ಬೇಡ, ಏಕೆಂದರೆ ಹಾದಿ ಬಂದರೆ ಸರ್ವೆಯವನ ಸರಪಣಿ ಬರುತ್ತದೆ. ನಾಲ್ಕು ಗುಂಟೆಯ ಗದ್ದೆಯವನು ದಂಡೆಯ ಮೇಲೆ ಸೊಪ್ಪು ಬೆಳೆದುಕೊಂಡಿದ್ದರೆ ಅವನೊಡನೆ ಕುಳಿತು ಮಾತನಾಡಬೇಕು. ಹೊಳೆಯನ್ನೇ ತನ್ನ ಹಿತ್ತಿಲಾಗಿ ಮಾಡಿಕೊಂಡವನಿಗೆ ನೋಟೀಸು ಕೊಡಬೇಕು. ಇಬ್ಬರನ್ನೂ ಒತ್ತುವರಿದಾರರೆಂಬ ಒಂದೇ ಹೆಸರಿನಿಂದ ಕರೆಯುವುದು ಕಛೇರಿಗಳ ಅಭ್ಯಾಸ. ನೋಟೀಸು ಮೊದಲು ತಲಪುವುದು ಯಾರಿಗೆಂಬುದನ್ನು ಹೇಳಬೇಕಾಗಿಲ್ಲ.

ಮೂರನೆಯ ಆಕ್ಷೇಪಣೆ ಪ್ರಾಣಿಪಕ್ಷಿಗಳ ಮಿತ್ರರಿಂದ ಬರುತ್ತದೆ. ಜನರು ಬಂದರೆ ನೀರುನಾಯಿ ಓಡಿಹೋಗುತ್ತದೆ, ಹಕ್ಕಿ ಗೂಡು ಬಿಡುತ್ತದೆ, ಆದುದರಿಂದ ಹೊಳೆಯನ್ನು ಹಾಗೆಯೇ ಬಿಟ್ಟುಬಿಡಿ ಎಂದು ಇವರ ವಾದ. ಹಾಗೆಯೇ ಬಿಟ್ಟ ಹೊಳೆ ಎಲ್ಲಿದೆ, ತೋರಿಸಲಿ! ನಾವು ಬಿಟ್ಟ ಕಡೆಗೆ ಲಾರಿ ಬಂದಿದೆ, ಕಸ ಬಂದಿದೆ, ಸಿಡಿಮದ್ದು ಹಾಕಿ ಮೀನು ಕೊಲ್ಲುವವನು ಬಂದಿದ್ದಾನೆ. ಕಣ್ಣಿಲ್ಲದ ದಂಡೆ ಕಳ್ಳನ ದಂಡೆ. ರಾಮನಾಥಪುರದ ವಹ್ನಿಪುಷ್ಕರಿಣಿಯನ್ನು ನೋಡಿರಿ. ಅಲ್ಲಿ ಪ್ರತಿದಿನವೂ ಜನ ಮೀಯುತ್ತಾರೆ, ಮಕ್ಕಳು ಪುರಿ ಎಸೆಯುತ್ತಾರೆ, ಮೆಟ್ಟಲಿನ ಬಳಿಯೇ ಮೊಳದುದ್ದದ ಮೀನುಗಳು ನಿರ್ಭಯವಾಗಿ ಸುಳಿಯುತ್ತವೆ. ಅವನ್ನು ಬೇಲಿ ಕಾಪಾಡಲಿಲ್ಲ. ಬಂದುಹೋಗುವ ಜನರ ಕಣ್ಣೂ ದೇವರ ಮೀನೆಂಬ ಭಾವನೆಯೂ ಕಾಪಾಡಿದವು. ಪಕ್ಕದ ಕೊಣನೂರಿನಲ್ಲಿ ಕಾವೇರಿಯ ಮೇಲೆ ತೂಗುಸೇತುವೆಯೊಂದಿದೆ, ಕಾಲುನಡಿಗೆಯವರದು. ಅದರ ಮೇಲೆ ನಿಂತು ನೀರನ್ನು ನೋಡದೆ ಹೋದವನನ್ನು ನಾನು ಇದುವರೆಗೆ ಕಂಡಿಲ್ಲ.

ಹಾಗೆಂದು ಆ ಮಿತ್ರರ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಸಲ್ಲದು. ಹೊಳೆಯ ನಡುವಣ ನಡುಗಡ್ಡೆಗಳು, ಬೇಸಗೆಯಲ್ಲಿ ಮೊಟ್ಟೆಯಿಡುವ ರೀವಹಕ್ಕಿಯ ಮರಳುದಿಣ್ಣೆ, ನೀರುನಾಯಿಯ ಬಿಲವಿರುವ ಬಂಡೆಯ ಇಕ್ಕಟ್ಟು, ಇಂಥ ಸ್ಥಳಗಳಲ್ಲಿ ಹಾದಿಯೇ ಇರಕೂಡದು. ಅಲ್ಲಿ ಹಾದಿ ದೂರ ಸರಿದು ಹೋಗಬೇಕು. ಕತ್ತಲಾದ ಮೇಲೆ ಹೊಳೆಯು ಅದರ ಪ್ರಜೆಗಳಿಗೇ ಇರಲಿ. ದೀಪದ ಕಂಬ ಬೇಡವೆಂದುದಕ್ಕೆ ಇದೂ ಒಂದು ಕಾರಣ. ಗಿಡ ನೆಡುವುದರಲ್ಲಿಯೂ ಎಚ್ಚರ ಬೇಕು. ನೀಲಗಿರಿಯ ಹೊಸ ನೆಡುತೋಪುಗಳನ್ನು ಸರ್ಕಾರ ೨೦೧೭ರಲ್ಲಿ ನಿಷೇಧಿಸಿದರೂ, ಬೇಗ ಬೆಳೆಯುವುದೊಂದೇ ಗುಣವಾಗಿರುವ ಪರಕೀಯ ಮರಗಳ ಮೇಲಿನ ವ್ಯಾಮೋಹ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಹೊಳೆಮತ್ತಿ ನಿಧಾನವಾಗಿ ಬೆಳೆಯುತ್ತದೆ; ನೆಟ್ಟವನು ಅದರ ನೆರಳಿನಲ್ಲಿ ಕೂರುವುದು ಕಷ್ಟ. ಆದರೆ ಅದು ನಿಂತ ದಂಡೆ ನಿಲ್ಲುತ್ತದೆ.

ಈ ಮೂರು ಆಕ್ಷೇಪಣೆಗಳಿಗಿಂತಲೂ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು, ಯಾರೂ ಎತ್ತದಿರುವ ನಾಲ್ಕನೆಯ ಮಾತು. ೨೦೧೮ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದಲ್ಲಿ ಮಲಿನವಾದ ೩೫೧ ನದೀಭಾಗಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಕರ್ನಾಟಕದವು ೧೭. ಆ ಹದಿನೇಳರಲ್ಲಿ ನಮ್ಮ ಯಗಚಿಯ ಹೆಸರು ಇತ್ತು. ಚೆನ್ನಕೇಶವನ ಬೇಲೂರನ್ನು ಹಾಯ್ದು ಬರುವ ಯಗಚಿ! ಶಿಲ್ಪವನ್ನು ನೋಡುವುದಕ್ಕೆ ಲೋಕವೆಲ್ಲ ಬರುವ ಊರಿನ ಹೊಳೆಗೆ ಈ ಪಟ್ಟ ಬಂತೆಂದರೆ ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ರಾತ್ರಿಯ ನಿದ್ದೆಯಾದರೂ ಕೆಡಬೇಕಾಗಿತ್ತು. ಕೆಡಲಿಲ್ಲ. ಯಗಚಿಯ ನೀರೇ ಗೊರೂರಿನಲ್ಲಿ ಹೇಮಾವತಿಯಾಗಿ, ನಾಲೆಯಾಗಿ, ನಲ್ಲಿಯಾಗಿ ನಮ್ಮ ಅಡಿಗೆಮನೆಗೆ ಬರುತ್ತದೆ ಎಂಬುದನ್ನು ನೆನೆದಾದರೂ ಕೆಡಬಹುದಾಗಿತ್ತು.

ಮಲಿನವಾದ ನೀರಿನ ಪಕ್ಕದಲ್ಲಿ ಹಾದಿ ಮಾಡುವುದು, ಸ್ನಾನ ಮಾಡದೆ ಗಂಧ ಹಚ್ಚಿಕೊಂಡಂತೆ. ಮೊದಲು ಪ್ರತಿಯೊಂದು ಪೇಟೆಯ ಚರಂಡಿಯೂ ಹೊಳೆಗೆ ಸೇರುವ ಬಾಯಿಯನ್ನು ಗುರುತಿಸಿ, ಅಲ್ಲಿ ನೀರನ್ನು ಶುದ್ಧಿಮಾಡಿ ಬಿಡುವ ಏರ್ಪಾಡಾಗಬೇಕು. "ಹಾಗಾದರೆ ಹಾದಿಯನ್ನು ಆಮೇಲೆ ನೋಡೋಣ" ಎಂದು ಬುದ್ಧಿವಂತರು ಹೇಳುವರು. ಆಮೇಲೆ ಎಂಬುದು ನಮ್ಮ ದೇಶದಲ್ಲಿ ಎಂದೂ ಬಾರದ ತಿಥಿ. ನನ್ನ ವಾದ ಇದಕ್ಕೆ ನೇರ ವಿರುದ್ಧವಾದುದು. ಜನ ಹೊಳೆಯ ಪಕ್ಕದಲ್ಲಿ ನಡೆಯುವುದಕ್ಕೆ ತೊಡಗಿದರೆ ಮಾತ್ರ ಚರಂಡಿಯ ಬಾಯಿ ಅವರ ಮೂಗಿಗೆ ಬರುತ್ತದೆ. ಮೂಗಿಗೆ ಬಂದರೆ ಮಾತ್ರ ಪುರಸಭೆಯ ಸದಸ್ಯನ ಕಿವಿಗೆ ಬರುತ್ತದೆ. ಇಂದು ಹೊಳೆ ಕೆಟ್ಟಿರುವುದಕ್ಕೆ ಒಂದು ಮುಖ್ಯ ಕಾರಣ ನಾವು ಅದಕ್ಕೆ ಬೆನ್ನು ತಿರುಗಿಸಿರುವುದೇ. ಮನೆಗೆ ನಲ್ಲಿ ಬಂದ ದಿನ ನಾವು ಹೊಳೆಯ ದಾರಿಯನ್ನು ಮರೆತೆವು. ಮರೆತ ದಾರಿಯಲ್ಲಿ ಕಸದ ಗಾಡಿ ಹೋಯಿತು.

ಇದಕ್ಕೆ ದೂರದ ಮಾದರಿಯೂ ಬೇಕಾಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಕಟ್ಟಿಸಿದರು. ಅದರ ಏರಿಯ ಮೇಲಿನ ಮಣ್ಣಿನ ಹಾದಿಯಲ್ಲಿ ಎಷ್ಟು ಮಂದಿ ಅಧ್ಯಾಪಕರು, ವಿದ್ಯಾರ್ಥಿಗಳು, ಕವಿಗಳು ನಡೆದಿದ್ದಾರೆ! ಕುವೆಂಪು ಅವರ ಸಂಜೆಯ ತಿರುಗಾಟವನ್ನು ನೆನೆಯದೆ ಆ ಏರಿಯ ಮಾತು ಮುಗಿಯುವುದಿಲ್ಲ. ಅಲ್ಲಿ ಇಂದಿಗೂ ಪೆಲಿಕನ್ ಹಕ್ಕಿಗಳು ಈಜುತ್ತವೆ, ಮುದುಕರು ನಡೆಯುತ್ತಾರೆ. ಒಬ್ಬರಿಂದ ಒಬ್ಬರಿಗೆ ತೊಂದರೆಯಾಗಿಲ್ಲ. ನಮ್ಮ ಕಡೆಯೇ ನೋಡಿದರೂ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರವಣಿಗೆಯಲ್ಲಿ ಹೇಮಾವತಿಯಿಲ್ಲದ ಪುಟವನ್ನು ಹುಡುಕಬೇಕು. ಒಂದು ಕಾದಂಬರಿಗೆ ಅವರು ಹೊಳೆಯ ಹೆಸರನ್ನೇ ಇಟ್ಟರು. ದಿನವೂ ಹೊಳೆಗೆ ಹೋಗುತ್ತಿದ್ದ ಊರಿನಿಂದ ಅಂಥ ಬರಹ ಬಂತು. ಹೊಳೆಗೆ ದಾರಿಯಿಲ್ಲದ ಊರಿನಿಂದ ಏನು ಬರುತ್ತದೆ ಎಂದು ನಾನು ಕೇಳುವುದಿಲ್ಲ. ಸಾಹಿತ್ಯಸಂಘದವರಾದ ನಾವು ಕೇಳಿಕೊಳ್ಳಬಹುದು.

ಇನ್ನು ಕಾರ್ಯದ ಮಾತು. ನಾಲೆಯ ಏರಿಗಳು ೨೦೦೩ರಿಂದ ಈಚೆಗೆ ಕಾವೇರಿ ನೀರಾವರಿ ನಿಗಮದ ವಶದಲ್ಲಿವೆ. ಏರಿಯ ಮೇಲೆ ಅವರ ಜೀಪು ಹೋಗುವ ದಾರಿ ಹೇಗೂ ಇದೆ. ಚನ್ನರಾಯಪಟ್ಟಣದವರಿಗೆ ಬೇಕಾದುದು ಅದರ ಒಂದು ಮಗ್ಗುಲಲ್ಲಿ ನೆರಳು, ಆಳವಾದ ಕಡೆ ಮಕ್ಕಳು ಜಾರದಂತೆ ತಡೆ, ನಡೆಯುವುದಕ್ಕೆ ಅನುಮತಿ, ಇಷ್ಟೆ. ಹೊಳೆಯ ಭಾಗಕ್ಕೆ ಪಂಚಾಯತಿಗಳೇ ಆಧಾರ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಒಂದು ಜೀವವೈವಿಧ್ಯ ಸಮಿತಿ ಇರತಕ್ಕದ್ದು. ಬಹಳ ಕಡೆ ಅದು ಕಾಗದದ ಮೇಲಿದೆ. ಅದನ್ನು ಹೊಳೆಯ ದಂಡೆಗೆ ಕರೆತಂದು ಕೂರಿಸಿದರೆ ಯಾವ ಮರವಿದೆ, ಯಾವ ಮಡುವಿನಲ್ಲಿ ಮೀನಿದೆ, ಯಾವ ಮೆಟ್ಟಲು ಮಡಿವಾಳರದು, ಯಾವ ಇಳಿಜಾರು ದನದ್ದು ಎಂಬುದನ್ನು ಊರ ಹೆಂಗಸರೇ ಬರೆಯಿಸುತ್ತಾರೆ. ಬೆಸ್ತರ ಬಲೆಗೂ ಮಡಿವಾಳರ ಬಂಡೆಗೂ ಅಡ್ಡಿಮಾಡುವ ಹಾದಿ ನಮಗೆ ಬೇಡವೇ ಬೇಡ. ಅವರು ಹೊಳೆಯನ್ನು ಬಿಡದೆ ಹಿಡಿದಿರುವವರು. ನಾವು ಬಿಟ್ಟು ಮತ್ತೆ ಬರುತ್ತಿರುವವರು.

ಒಂದೇ ಸಲ ಎಲ್ಲವನ್ನೂ ಮಾಡಬೇಕಾಗಿಲ್ಲ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಹಳಬರು ಕಟ್ಟಿದ ಶ್ರೀರಾಮದೇವರ ಕಟ್ಟೆಯಿದೆ. ಅಲ್ಲಿಂದ ಹೊರಡುವ ಕಾಲುವೆಗಳು ಗದ್ದೆಗಳನ್ನು ಇಂದಿಗೂ ಸಾಕುತ್ತಿವೆ. ಆ ಕಟ್ಟೆಯ ಬಳಿಯ ಒಂದೆರಡು ಮೈಲಿಯಲ್ಲಿ ಪ್ರಾರಂಭಿಸೋಣ. ಗೋಡೆಯಿಲ್ಲ, ಬಣ್ಣದ ಕಲ್ಲಿಲ್ಲ, ಶಂಕುಸ್ಥಾಪನೆಯ ಹಲಗೆಯೂ ಇಲ್ಲ. ಹಲಗೆಯಿಲ್ಲದಿದ್ದರೆ ಯಾರೂ ಬರುವುದಿಲ್ಲವೆಂದು ಒಬ್ಬ ಅನುಭವಶಾಲಿಗಳು ನನ್ನನ್ನು ಎಚ್ಚರಿಸಿದ್ದಾರೆ. ಬಾರದಿದ್ದರೆ ಇನ್ನೂ ಒಳ್ಳೆಯದು, ನಡೆಯುವವರಿಗೆ ಜಾಗವಾಗುತ್ತದೆ.

ಆ ಭಾಗದ ಗ್ರಾಮನಕಾಶೆಗಳ ನಕಲಿಗಾಗಿ ಅರ್ಜಿ ಹಾಕಿದ್ದೇನೆ. ಬಂದೊಡನೆ ಸಂಘದ ವಾಚನಾಲಯದ ಮೇಜಿನ ಮೇಲೆ ಹರಡಿಡುತ್ತೇನೆ. ಕಾಲುದಾರಿಯ ಗೆರೆಯನ್ನು ಓದಬಲ್ಲ ನಿವೃತ್ತ ಶಾನುಭೋಗರೋ ಸರ್ವೆಯವರೋ ನಮ್ಮ ಸದಸ್ಯರಲ್ಲಿದ್ದರೆ ಬಂದು ಸಹಾಯಮಾಡಬೇಕು. ಗೆಳೆಯರಿಗೂ ಪತ್ರ ಬರೆದಿದ್ದೇನೆ. ಮಾಘಮಾಸದಲ್ಲಿ ನೀರು ತಿಳಿಯಾಗಿರುತ್ತದೆ, ಆಗ ಬನ್ನಿ, ಮುಳ್ಳುತಂತಿಯ ಬೇಲಿ ಖರಾಬಿನ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ ಎಂದು.